ಸಿಹಿ ಕಾಫಿಯೂ ಇರಲಿ, ಶುಗರ್ ಕೂಡ ಹತೋಟಿಯಲ್ಲಿರಲಿ: ಡಿಕಾಕ್ಷನ್‌ನಿಂದ ಶುರುವಾಗುವ ಮಾರ್ಗದರ್ಶಿ

ಶುಗರ್ ಇದೆ ಎಂದು ಗೊತ್ತಾದ ಮರುದಿನ ಎಲ್ಲರೂ ಮಾಡುವ ಕೆಲಸ ಒಂದೇ: ಕಾಫಿಗೆ ಸಕ್ಕರೆ ಹಾಕುವುದನ್ನು ಪೂರ್ತಿ ನಿಲ್ಲಿಸುವುದು. ಸೋಮವಾರ ಹುಮ್ಮಸ್ಸು, ಮಂಗಳವಾರ ಮುಖ ಕಿವುಚಿಕೊಂಡು ಎರಡು ಗುಟುಕು, ಬುಧವಾರ ‘ಅರ್ಧ ಚಮಚ ಇರಲಿ ಬಿಡು’, ಶುಕ್ರವಾರದ ಹೊತ್ತಿಗೆ ಹಳೆಯ ಎರಡು ಚಮಚ ಸಲೀಸಾಗಿ ಲೋಟದೊಳಗೆ. ಆಮೇಲೆ ಬೆಲ್ಲದ ಕಾಫಿ, ಅದೂ ಆದ ಮೇಲೆ ಜೇನುತುಪ್ಪ. ಮೂರು ತಿಂಗಳ ನಂತರದ ರಕ್ತಪರೀಕ್ಷೆಯಲ್ಲಿ ಏನೂ ಇಳಿದಿರುವುದಿಲ್ಲ. ನಾನೂ ಮೂರು ಬಾರಿ ಹೀಗೇ ಸೋತಿದ್ದೇನೆ.

ಮನಸ್ಸು ಗಟ್ಟಿಯಿಲ್ಲವೆಂದು ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಎಡವುವುದು ಕ್ರಮದಲ್ಲಿ. ನಮ್ಮ ಮನೆಗಳ ಕಾಫಿಯಲ್ಲಿ ಸಕ್ಕರೆಗಿರುವ ದೊಡ್ಡ ಕೆಲಸ ಕೆಟ್ಟ ಡಿಕಾಕ್ಷನ್‌ನ ಕಹಿಯನ್ನು ಮುಚ್ಚುವುದು. ಕಹಿಯನ್ನು ಹಾಗೆಯೇ ಬಿಟ್ಟು ಮುಚ್ಚಳ ತೆಗೆದರೆ ಯಾರು ಕುಡಿದಾರು? ಆದ್ದರಿಂದ ಸಕ್ಕರೆ ಡಬ್ಬಿಯನ್ನು ಮುಟ್ಟುವುದು ಐದನೆಯ ಹಂತದಲ್ಲಿ. ಹಂತಗಳನ್ನು ಹಾರಿ ಓದಬೇಡಿ.

### ಶುರು ಮಾಡುವ ಮುನ್ನ

ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್ ಜಾತಿಯ ಮಾತ್ರೆ ನುಂಗುವವರು, ಗರ್ಭಿಣಿಯರು ಮತ್ತು ಮೂತ್ರಪಿಂಡದ ತೊಂದರೆ ಇರುವವರು ಮೊದಲು ತಮ್ಮ ವೈದ್ಯರಿಗೆ ಹೇಳಿ ಶುರು ಮಾಡಬೇಕು. ದಿನವೂ ಹೊಟ್ಟೆಗೆ ಹೋಗುತ್ತಿದ್ದ ಸಕ್ಕರೆ ತಗ್ಗಿದಾಗ, ಅದೇ ಪ್ರಮಾಣದ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಶುಗರನ್ನು ತೀರಾ ಕೆಳಕ್ಕೆ ತಳ್ಳಬಹುದು. ಮಾತ್ರೆಯನ್ನು ನೀವೇ ಕಡಿಮೆ ಮಾಡಿಕೊಳ್ಳುವುದೂ ಬೇಡ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ, ಯಾವಾಗಲೂ ಒಂದೇ ಆಗಿರುವ ಚಿಕ್ಕ ಚಮಚ, ಮಿಲಿಲೀಟರ್ ಗೆರೆಗಳಿರುವ ಅಳತೆ ಲೋಟ, ಸ್ಟೀಲ್ ಅಥವಾ ಹಿತ್ತಾಳೆ ಫಿಲ್ಟರ್, ಗ್ಲುಕೋಮೀಟರ್ ಮತ್ತು ಅವಧಿ ಮೀರದ ಸ್ಟ್ರಿಪ್‌ಗಳು, ಒಂದು ನೋಟ್‌ಪುಸ್ತಕ. ಇವುಗಳಲ್ಲಿ ಜನ ಉಳಿತಾಯ ಮಾಡುವುದು ತಕ್ಕಡಿಯಲ್ಲಿ. ಕೆಲಸ ಕೆಡುವುದೂ ಅಲ್ಲೇ.

### ಹಂತ 1: ಮೂರು ದಿನ ಏನನ್ನೂ ಬದಲಿಸದೆ ಅಳೆಯಿರಿ

ಎಂದಿನಂತೆ ಕಾಫಿ ಕುಡಿಯಿರಿ. ಆದರೆ ಸಕ್ಕರೆ ಹಾಕುವ ಮೊದಲು ಆ ಚಮಚವನ್ನು ತಕ್ಕಡಿಯ ಮೇಲೆ ಸುರಿದು ತೂಕ ಬರೆದುಕೊಳ್ಳಿ. ಮಟ್ಟಸವಾಗಿ ತಟ್ಟಿದ ಒಂದು ಚಿಕ್ಕ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ನಾವು ಗೋಪುರದ ಹಾಗೆ ಎತ್ತುವ ಚಮಚದಲ್ಲಿ 6 ಗ್ರಾಂ, ಕೆಲವೊಮ್ಮೆ 7. ‘ಎರಡೇ ಚಮಚ’ ಎನ್ನುವವರ ಲೋಟಕ್ಕೆ 12 ಗ್ರಾಂ ಬೀಳುತ್ತಿರುತ್ತದೆ.

ಇನ್ನು ಲೋಟ. ಅದಕ್ಕೆ ನೀರು ತುಂಬಿ ಅಳತೆ ಲೋಟಕ್ಕೆ ಸುರಿದು ನೋಡಿ. 150 ಮಿ.ಲೀ. ಹಿಡಿಯುವ ಲೋಟದಲ್ಲಿ 100 ಮಿ.ಲೀ. ಹಾಲಿದ್ದರೆ, ಆ ಹಾಲಿನೊಳಗೇ ಸುಮಾರು 5 ಗ್ರಾಂ ಹಾಲುಸಕ್ಕರೆ ಇರುತ್ತದೆ. ಅಲ್ಲಿಗೆ ಒಂದು ಕಾಫಿಗೆ 17 ಗ್ರಾಂ. ದಿನಕ್ಕೆ ನಾಲ್ಕು ಕಾಫಿಯಾದರೆ ಮೇಲಿನಿಂದ ಹಾಕಿದ ಸಕ್ಕರೆಯೊಂದೇ 48 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯನ್ನು 2000 ಕ್ಯಾಲರಿಯ ಆಹಾರಕ್ಕೆ ಲೆಕ್ಕ ಹಾಕಿದರೆ ಇಡೀ ದಿನಕ್ಕೆ ಸಿಗುವುದು 50 ಗ್ರಾಂ. ಸಾಧ್ಯವಾದರೆ 25ರ ಒಳಗಿರಲಿ ಎನ್ನುತ್ತದೆ ಅದೇ ಸಂಸ್ಥೆ. ಮೈಸೂರು ಪಾಕ್ ಬಿಟ್ಟು ವರ್ಷವಾಯಿತು ಎಂದು ಹೇಳಿಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿಕೊಳ್ಳಬೇಕು.

ಕಾಫಿಯ ಜೊತೆಗೆ ಬಾಯಿಗೆ ಹೋಗಿದ್ದನ್ನೂ ಬರೆಯಿರಿ. ಮದ್ದೂರು ವಡೆ ಎಂದರೆ ಮೈದಾ, ರವೆ, ಅಕ್ಕಿಹಿಟ್ಟು. ರಸ್ಕು, ಬಿಸ್ಕತ್ತು, ನಿಪ್ಪಟ್ಟು ಎಲ್ಲವೂ ಹಿಟ್ಟಿನ ಬಾಬತ್ತೇ. ಇವು ಏರಿಸಿದ ಶುಗರಿನ ಅಪವಾದ ಎಷ್ಟೋ ಬಾರಿ ಕಾಫಿಯ ತಲೆಗೆ ಬರುತ್ತದೆ.

### ಹಂತ 2: ಹಳೆಯ ಕಾಫಿ ಏನು ಮಾಡುತ್ತಿದೆ ಎಂದು ಚುಚ್ಚಿ ನೋಡಿ

ಇದಕ್ಕೆ ಸಂಜೆಯ ಕಾಫಿಯನ್ನು ಆರಿಸಿಕೊಳ್ಳಿ. ಬೆಳಗಿನ ಜಾವದಲ್ಲಿ ದೇಹದ ಹಾರ್ಮೋನುಗಳೇ ಶುಗರನ್ನು ಮೇಲಕ್ಕೆತ್ತುತ್ತವೆ. ಆ ಹೊತ್ತಿನಲ್ಲಿ ಕಾಫಿಯ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗುವುದಿಲ್ಲ. ಮಧ್ಯಾಹ್ನದ ಊಟವಾಗಿ ಕನಿಷ್ಠ ಮೂರು ಗಂಟೆ ಕಳೆದಿರಲಿ. ಕಾಫಿಗೆ ಮುಂಚೆ ಒಂದು ಸಲ, ಮೊದಲ ಗುಟುಕಿನಿಂದ ಒಂದು ಗಂಟೆಗೆ ಒಂದು ಸಲ, ಎರಡು ಗಂಟೆಗೆ ಇನ್ನೊಂದು ಸಲ ನೋಡಿ. ಜೊತೆಗೆ ಏನನ್ನೂ ತಿನ್ನಬೇಡಿ. ಎರಡು ದಿನ ಹೀಗೆ ಮಾಡಿ.

ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಂಡೇ ಚುಚ್ಚಬೇಕು. ಸಕ್ಕರೆ ಡಬ್ಬಿ ಮುಟ್ಟಿದ ಬೆರಳಿನಲ್ಲಿ ನಾಲ್ಕು ಕಣ ಅಂಟಿಕೊಂಡಿದ್ದರೂ ಯಂತ್ರ ಸುಳ್ಳು ಹೇಳುತ್ತದೆ. ನನಗೆ ಒಮ್ಮೆ 290 ಬಂದು ಎದೆ ಝಲ್ಲೆಂದಿತ್ತು. ಕೈ ತೊಳೆದು ಮತ್ತೆ ನೋಡಿದರೆ 162. ಅದಕ್ಕೂ ಸ್ವಲ್ಪ ಮುಂಚೆ ಬಾಳೆಹಣ್ಣು ಸುಲಿದಿದ್ದೆ.

ಯಂತ್ರದ ಸ್ವಭಾವವನ್ನೂ ತಿಳಿದಿರಿ. ಮನೆಯ ಗ್ಲುಕೋಮೀಟರ್‌ಗಳಿಗೆ ಶೇಕಡಾ 15ರಷ್ಟು ಆಚೀಚೆ ಆಗುವ ಸಲಿಗೆ ಇದೆ. 150 ಎಂದು ತೋರಿಸಿದರೆ ನಿಜ ಸಂಖ್ಯೆ 130ರ ಆಸುಪಾಸಿನಲ್ಲೂ ಇರಬಹುದು, 170ರಲ್ಲೂ ಇರಬಹುದು. ಒಂದೇ ಸಂಖ್ಯೆ ಹಿಡಿದುಕೊಂಡು ಸಂತೋಷಪಡುವುದೂ ಅಳುವುದೂ ಎರಡೂ ದಂಡ.

ಸಾಮಾನ್ಯವಾಗಿ ಸಕ್ಕರೆ ಕಾಯಿಲೆಯ ವಯಸ್ಕರಿಗೆ ಇಟ್ಟುಕೊಳ್ಳುವ ಗುರಿ: ಖಾಲಿ ಹೊಟ್ಟೆಯಲ್ಲಿ 80ರಿಂದ 130, ತಿಂದ ಒಂದೆರಡು ಗಂಟೆಯ ನಂತರ 180ರ ಒಳಗೆ. ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ. ನಿಮ್ಮ ವೈದ್ಯರು ಬೇರೆ ಗುರಿ ಕೊಟ್ಟಿದ್ದರೆ ನಿಮಗೆ ಅದೇ ಸರಿ.

### ಹಂತ 3: ಡಿಕಾಕ್ಷನ್ ಸರಿಪಡಿಸಿ

ಇಡೀ ಕೆಲಸದ ಜೀವಾಳ ಇಲ್ಲಿದೆ. ಒಂದು ವಾರ ಪೂರ್ತಿ ಇದಕ್ಕೇ ಕೊಡಿ. ಈ ವಾರವೂ ಸಕ್ಕರೆ ಹಳೆಯ ಪ್ರಮಾಣದಲ್ಲೇ ಇರಲಿ.

ಮೊದಲು ಪುಡಿ. ಮೈಸೂರಿನಲ್ಲಿರುವವರಿಗೆ ಕಣ್ಣೆದುರೇ ಹುರಿದು ಬೀಸಿಕೊಡುವ ಅಂಗಡಿಗಳ ಭಾಗ್ಯವಿದೆ. ಆದರೂ ಅರ್ಧ ಕಿಲೋ ಒಟ್ಟಿಗೆ ತಂದು ತಿಂಗಳುಗಟ್ಟಲೆ ಡಬ್ಬಿಯಲ್ಲಿಡುತ್ತೇವೆ. ಹಳಸಿದ ಪುಡಿಯಲ್ಲಿ ಘಮ ಹೋಗಿ ಕಹಿ ಉಳಿಯುತ್ತದೆ. 100 ಅಥವಾ 200 ಗ್ರಾಂ ತನ್ನಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಅಂಗಡಿಯಲ್ಲಿ ಮೂರು ಮಾತು ಹೇಳಿ: ಹುರಿತ ಮಧ್ಯಮ ಇರಲಿ, ಅರೇಬಿಕಾ ಜಾಸ್ತಿ ಇರಲಿ, ಚಿಕೋರಿ ನೂರಕ್ಕೆ 15ರಿಂದ 20 ಸಾಕು. ರೊಬಸ್ಟಾ ಬೀಜದಲ್ಲಿ ಕಹಿಯೂ ಹೆಚ್ಚು, ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ಚಿಕೋರಿ ಬಣ್ಣ ಮತ್ತು ಮಂದತನ ಕೊಡುತ್ತದೆ, ತನ್ನದೇ ಕಹಿಯನ್ನೂ ಬೆರೆಸುತ್ತದೆ. ಪ್ಯಾಕೆಟ್ ಪುಡಿ ಕೊಳ್ಳುವವರು ಹಿಂಬದಿ ಓದಿ. ಮಿಶ್ರಣದಲ್ಲಿ ಕಾಫಿ ಕನಿಷ್ಠ ನೂರಕ್ಕೆ 51 ಇದ್ದರೆ ಸಾಕು ಎನ್ನುತ್ತದೆ ನಿಯಮ. ಉಳಿದ 49ರಷ್ಟೂ ಚಿಕೋರಿಯೇ ಆಗಿರಬಹುದು.

ಇನ್ನು ಇಳಿಸುವ ವಿಧಾನ. ಫಿಲ್ಟರ್ ಒಣಗಿರಬೇಕು, ತೂತುಗಳು ಕಟ್ಟಿಕೊಂಡಿರಬಾರದು. ಮೇಲಿನ ಪಾತ್ರೆಗೆ 20 ಗ್ರಾಂ ಪುಡಿ ಹಾಕಿ ತಟ್ಟಿ ಸಮ ಮಾಡಿ. ಹಿಡಿಯಿರುವ ಬಿಲ್ಲೆಯನ್ನು ಅದರ ಮೇಲಿಟ್ಟು ಹಗುರವಾಗಿ ಒತ್ತಿ, ಅಲ್ಲಿಯೇ ಬಿಡಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಕಾಯಿರಿ. ಕೊತಕೊತ ಕುದಿಯುವ ನೀರು ಕಹಿಯನ್ನೆಲ್ಲ ಕಿತ್ತು ತರುತ್ತದೆ. ಮೊದಲು ಪುಡಿ ನೆನೆಯುವಷ್ಟು ಮಾತ್ರ ನೀರು ಬಿಡಿ. ಅರ್ಧ ನಿಮಿಷದ ನಂತರ ಉಳಿದದ್ದನ್ನು ಬಿಲ್ಲೆಯ ಮೇಲೆ ಸುತ್ತಲೂ ನಿಧಾನವಾಗಿ ಸುರಿಯಿರಿ. ಒಟ್ಟು 120 ಮಿ.ಲೀ. ನೀರು ಸಾಕು. ಮುಚ್ಚಿ, ಹದಿನೈದರಿಂದ ಇಪ್ಪತ್ತು ನಿಮಿಷ ಅದರ ತಂಟೆಗೆ ಹೋಗಬೇಡಿ.

ಐದು ನಿಮಿಷದೊಳಗೆ ಎಲ್ಲವೂ ಸೋರಿ ಇಳಿದರೆ ಪುಡಿ ದಪ್ಪವಾಯಿತು ಅಥವಾ ಒತ್ತಿದ್ದು ಸಾಲದು. ಗಂಟೆಯಾದರೂ ಇಳಿಯದಿದ್ದರೆ ಪುಡಿ ತೀರಾ ನುಣ್ಣಗಿದೆ, ಇಲ್ಲವೇ ಕೋಪವನ್ನೆಲ್ಲ ಬಿಲ್ಲೆಯ ಮೇಲೆ ತೀರಿಸಿಕೊಂಡಿದ್ದೀರಿ.

ಮೂರು ತಪ್ಪುಗಳನ್ನು ಬಹುತೇಕ ಎಲ್ಲ ಮನೆಗಳಲ್ಲಿ ಕಂಡಿದ್ದೇನೆ. ಒಂದು, ಅದೇ ಪುಡಿಗೆ ಮತ್ತೆ ನೀರು ಹಾಕಿ ಎರಡನೆಯ ಡಿಕಾಕ್ಷನ್ ಇಳಿಸಿ ಮೊದಲನೆಯದಕ್ಕೆ ಬೆರೆಸುವುದು. ಬರುವುದು ಬಣ್ಣದ ಕಹಿನೀರು. ಎರಡು, ಆರಿದ ಡಿಕಾಕ್ಷನ್ನನ್ನು ನೇರವಾಗಿ ಒಲೆಯ ಮೇಲೆ ಕುದಿಸುವುದು. ಬಿಸಿ ಬೇಕಿದ್ದರೆ ಆ ಪಾತ್ರೆಯನ್ನು ಬಿಸಿನೀರಿನಲ್ಲಿ ಕೂರಿಸಿ, ಇಲ್ಲವೇ ಹಾಲಿನ ಬಿಸಿಯನ್ನೇ ನೆಚ್ಚಿಕೊಳ್ಳಿ. ಮೂರು, ರಾತ್ರಿಯದನ್ನು ಬೆಳಗ್ಗೆಗೆ ಉಳಿಸುವುದು. ನಮ್ಮ ಅತ್ತೆ ಈ ಮೂರನ್ನೂ ಮಾಡುತ್ತಿದ್ದರು, ಕಾಫಿ ಅದ್ಭುತವಾಗಿರುತ್ತಿತ್ತು. ಎರಡೂವರೆ ಚಮಚ ಸಕ್ಕರೆಯೂ ಇರುತ್ತಿತ್ತು.

ಪುಡಿ ಹಾಕುವಾಗ ಉಪ್ಪಿನ ಎರಡು ಮೂರು ಕಣ ಉದುರಿಸಿ. ನಗಬೇಡಿ, ಉಪ್ಪು ನಾಲಿಗೆಗೆ ಕಹಿಯನ್ನು ಮರೆಸುತ್ತದೆ. ಉಪ್ಪಿನ ರುಚಿ ಗೊತ್ತಾಯಿತು ಎಂದರೆ ಹೆಚ್ಚಾಯಿತು.

ಈ ಹಂತ ಮುಗಿಯಿತೇ ಎಂದು ತಿಳಿಯಲು ಎರಡು ಚಮಚ ಬಿಸಿ ಹಾಲಿಗೆ ಒಂದು ಚಮಚ ಡಿಕಾಕ್ಷನ್ ಬೆರೆಸಿ, ಸಕ್ಕರೆಯಿಲ್ಲದೆ ಕುಡಿಯಿರಿ. ಮುಖ ಸಿಂಡರಿಸದೆ ನುಂಗಲು ಬಂದರೆ ಮುಂದೆ ಹೋಗಿ. ಬರದಿದ್ದರೆ ಪುಡಿ ಬದಲಿಸಿ ಇನ್ನೊಂದು ವಾರ ಇಲ್ಲೇ ಇರಿ.

### ಹಂತ 4: ಲೋಟ ಚಿಕ್ಕದು, ಹಾಲು ಹದ

90 ಮಿ.ಲೀ. ಹಿಡಿಯುವ ಚಿಕ್ಕ ಲೋಟಕ್ಕೆ ಬನ್ನಿ. 60 ಹಾಲು, 30 ಗಟ್ಟಿ ಡಿಕಾಕ್ಷನ್. ಹಾಲುಸಕ್ಕರೆ 3 ಗ್ರಾಮಿಗೆ ಇಳಿಯುತ್ತದೆ. ಬೈಟು ಕಾಫಿ ಕುಡಿದು ಬೆಳೆದ ನಮಗೆ ಈ ಅಳತೆ ಹೊಸದೇನಲ್ಲ.

ಕೆನೆ ತೆಗೆದ ಹಾಲಾದರೆ ಸಕ್ಕರೆ ಕಡಿಮೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇಳಿಯುವುದು ಕೊಬ್ಬು ಮಾತ್ರ, ಹಾಲುಸಕ್ಕರೆ ಹೆಚ್ಚುಕಡಿಮೆ ಅಷ್ಟೇ. ಓಟ್ಸ್ ಹಾಲಿಗೆ ಹೋಗುವವರು ಡಬ್ಬಿಯ ಹಿಂದಿನ ಸಕ್ಕರೆ ಅಂಕಿ ನೋಡಿ; ಸಕ್ಕರೆ ಸೇರಿಸಿಲ್ಲ ಎಂದು ಬರೆದಿದ್ದರೂ ಗಂಜಿ ಒಡೆದು ಹುಟ್ಟಿದ ಸಿಹಿ ಅದರಲ್ಲಿರುತ್ತದೆ.

### ಹಂತ 5: ಈಗ ಸಕ್ಕರೆ

ಚಿಕ್ಕ ಲೋಟಕ್ಕೆ ಬಂದಾಗಲೇ ಸಕ್ಕರೆ 12ರಿಂದ 8 ಗ್ರಾಮಿಗೆ ಇಳಿಯುತ್ತದೆ. ಸಿಹಿ ಕಡಿಮೆಯಾಯಿತು ಎಂದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ, ಏಕೆಂದರೆ ಕಾಫಿ ಅದಕ್ಕಿಂತಲೂ ತುಸು ಹೆಚ್ಚಿನ ಅನುಪಾತದಲ್ಲೇ ಇಳಿದಿದೆ. ಅಲ್ಲಿಂದ ಹತ್ತು ದಿನಕ್ಕೊಮ್ಮೆ ಒಂದೊಂದು ಗ್ರಾಂ ತೆಗೆಯುತ್ತಾ ಬನ್ನಿ: 7, 6, 5, 4. ನಲವತ್ತು ದಿನ ಹಿಡಿಯುತ್ತದೆ. ಅವಸರ ಮಾಡಿದವರೇ ಹಿಂದಕ್ಕೆ ಜಾರುವುದು. ಕಣ್ಣಳತೆಯನ್ನು ನಂಬಬೇಡಿ, ಬೆಳಗ್ಗೆ ಆ ದಿನದ ಸಕ್ಕರೆಯನ್ನು ತೂಗಿ ಒಂದು ಪುಟ್ಟ ಡಬ್ಬಿಗೆ ಹಾಕಿಡಿ. ಡಬ್ಬಿ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು.

ಇದೇ ಹೊತ್ತಿನಲ್ಲಿ ನಾಲ್ಕು ಕಾಫಿಯನ್ನು ಎರಡಕ್ಕೆ ತನ್ನಿ. ಕೊನೆಗೆ 4 ಗ್ರಾಂ ಸಕ್ಕರೆ, 3 ಗ್ರಾಂ ಹಾಲುಸಕ್ಕರೆಯ ಎರಡು ಕಾಫಿ, ದಿನಕ್ಕೆ ಒಟ್ಟು 14 ಗ್ರಾಂ. ಮೊದಲು ಇದ್ದದ್ದು 68.

ಇರುವ 4 ಗ್ರಾಂ ಹೆಚ್ಚು ಸಿಹಿಯಾಗಿ ಕಾಣಲು ಕಾಫಿ ಸ್ವಲ್ಪ ಆರಲಿ. ನಾಲಿಗೆ ಸುಡುವ ಬಿಸಿಯಲ್ಲಿ ರುಚಿಯೇ ತಿಳಿಯದು. ಒಂದು ಏಲಕ್ಕಿ ಸಿಪ್ಪೆಯನ್ನು ಹಾಲು ಕಾಯಿಸುವಾಗ ಹಾಕಿದರೆ ಮೂಗು ಸಿಹಿಯೆಂದು ನಂಬುತ್ತದೆ. ಸಕ್ಕರೆಯನ್ನು ಲೋಟದ ತಳಕ್ಕೆ ಹಾಕಿ ಕದಡದೆ ಕುಡಿಯುವುದು ನನ್ನ ಖಾಸಗಿ ಚಟ. ಮುಕ್ಕಾಲು ಲೋಟ ಬರೀ ಕಾಫಿ, ಕೊನೆಯ ಎರಡು ಗುಟುಕು ಪಾಯಸ.

### ಹಂತ 6: ಬೆಲ್ಲ, ಜೇನು, ಸಿಹಿಗುಳಿಗೆ

ಮಂಡ್ಯದ ಕಡೆಯವರಿಗೆ ಇದನ್ನು ಹೇಳುವುದು ಕಷ್ಟ. ಆಲೆಮನೆಯ ಬಿಸಿ ಬೆಲ್ಲದ ಎದುರು ನಿಂತವರಿಗೆ ಅದು ಕೆಟ್ಟದ್ದು ಎಂದರೆ ನಂಬಿಕೆ ಬರುವುದಿಲ್ಲ, ಕೆಟ್ಟದ್ದು ಎಂದು ನಾನೂ ಹೇಳುವುದಿಲ್ಲ. ಆದರೆ ಕಬ್ಬಿನ ಹಾಲಿನಿಂದ ಬಂದ ಬೆಲ್ಲದ ಬಹುಪಾಲು ಸಕ್ಕರೆಯೇ. ಗ್ಲುಕೋಮೀಟರಿನ ಮುಂದೆ ಎರಡಕ್ಕೂ ವ್ಯತ್ಯಾಸವಿಲ್ಲ. ಕಬ್ಬಿಣದಂತಹ ಖನಿಜಗಳು ಇವೆ, ನಿಜ. ಕಾಫಿಗೆ ಹಾಕುವ ತುಣುಕಿನಲ್ಲಿ ಅವು ಲೆಕ್ಕಕ್ಕೆ ಬರುವಷ್ಟಿಲ್ಲ. ಬೆಲ್ಲದ ನಿಜವಾದ ಅಪಾಯವೆಂದರೆ ಧೈರ್ಯ: ‘ಬೆಲ್ಲ ತಾನೆ’ ಎಂದು ಅಡಿಕೆ ಗಾತ್ರದ ಎರಡು ಉಂಡೆ ಬೀಳುತ್ತವೆ. ಬೆಲ್ಲವೇ ಬೇಕಿದ್ದರೆ ತೂಗಿ 4 ಗ್ರಾಂ ಹಾಕಿ. ಹಾಲು ಒಡೆಯದಿರಲು ಒಲೆಯಿಂದ ಇಳಿಸಿದ ಮೇಲೆ, ಡಿಕಾಕ್ಷನ್‌ನಲ್ಲಿ ಕರಗಿಸಿ ಬೆರೆಸಿ. ಜೇನುತುಪ್ಪ, ಕಲ್ಲುಸಕ್ಕರೆ, ತೆಂಗಿನ ಸಕ್ಕರೆ ಎಲ್ಲಕ್ಕೂ ಇದೇ ಮಾತು.

ಸಕ್ಕರೆಯ ಬದಲಿಗೆ ಹಾಕುವ ಸಿಹಿಗುಳಿಗೆಗಳು ಶುಗರನ್ನು ನೇರವಾಗಿ ಏರಿಸುವುದಿಲ್ಲ. ಸ್ಟೀವಿಯಾಗೆ ಕೊನೆಯಲ್ಲೊಂದು ಒಗರು ಕಹಿ ಇದೆ. ಅರ್ಧ ಸಿಹಿ ಸಕ್ಕರೆಯಿಂದ, ಅರ್ಧ ಸಿಹಿ ಸ್ಟೀವಿಯಾದಿಂದ ಬರುವಂತೆ ಹಾಕಿದರೆ ಅದು ಮರೆಯಾಗುತ್ತದೆ. ಆಸ್ಪರ್ಟೇಮ್ ಹೆಚ್ಚು ಕಾಯಿಸಿದರೆ ಸಿಹಿ ಕಳೆದುಕೊಳ್ಳುತ್ತದೆ, ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟು ತೊಂದರೆ ಇರುವವರಿಗೆ ಕೂಡದು. ಯಾವುದೇ ಆದರೂ ಲೋಟಕ್ಕೆ ಸುರಿದ ಮೇಲೆ ಹಾಕಿ, ಒಲೆಯ ಮೇಲಲ್ಲ. ಪುಡಿಯ ರೂಪದಲ್ಲಿ ಬರುವ ಕೆಲವಕ್ಕೆ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಗಂಜಿಯಿಂದ ಮಾಡಿದ ಪುಡಿ ಬೆರೆಸಿರುತ್ತಾರೆ, ಅದು ಶುಗರ್ ಏರಿಸುತ್ತದೆ. ಚಿಕ್ಕ ಅಕ್ಷರ ಓದಿ. ತೂಕ ಇಳಿಸಲು ಇವನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಅನ್ವಯಿಸುವುದಿಲ್ಲ ಎಂದೂ ಹೇಳಿದೆ. ಎರಡನೆಯ ಮಾತನ್ನು ಯಾರೂ ಮುಂದಕ್ಕೆ ಕಳುಹಿಸುವುದಿಲ್ಲ.

### ಹಂತ 7: ಹೊತ್ತು

ಸಿಹಿ ಕಾಫಿ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಬೇಡ. ಜಾವದ ಹಾರ್ಮೋನಿನ ಏರಿಕೆಯ ಮೇಲೆ ಸಕ್ಕರೆ, ಅದರ ಮೇಲೆ ಕೆಫೀನ್. ಕೆಫೀನ್ ಕೂಡ ಕೆಲವರಲ್ಲಿ ಇನ್ಸುಲಿನ್ನಿನ ಕೆಲಸವನ್ನು ಸ್ವಲ್ಪ ಹೊತ್ತು ಮಂಕು ಮಾಡುತ್ತದೆ. ತಿಂಡಿಯಾದ ಮೇಲೆ ಕುಡಿಯಿರಿ. ರಕ್ತಹೀನತೆ ಇರುವವರು ತಿಂಡಿಗೂ ಕಾಫಿಗೂ ನಡುವೆ ಒಂದು ಗಂಟೆ ಬಿಡಿ, ದೇಹ ಕಬ್ಬಿಣದ ಅಂಶವನ್ನು ಹೀರಿಕೊಳ್ಳುವುದನ್ನು ಕಾಫಿ ತಗ್ಗಿಸುತ್ತದೆ. ಥೈರಾಯ್ಡ್ ಮಾತ್ರೆ ನುಂಗುವವರಿಗೂ ಅರ್ಧದಿಂದ ಒಂದು ಗಂಟೆಯ ಅಂತರ ಬೇಕು.

ಕುಡಿದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ನಡೆಯುವ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು, ಬಹುಮಾನವಾಗಿ ಹೋಟೆಲಿನಲ್ಲಿ ಸಿಹಿ ಕಾಫಿ ಹೀರಿ ಸ್ಕೂಟರ್ ಹತ್ತುವವರ ಕ್ರಮ ತಲೆಕೆಳಗಾಗಿದೆ. ಸಂಜೆ ಐದರ ನಂತರ ಬೇಡ. ಕುಡಿದ ಕೆಫೀನಿನ ಅರ್ಧ ಭಾಗ ಐದಾರು ಗಂಟೆಯ ಬಳಿಕವೂ ದೇಹದಲ್ಲಿರುತ್ತದೆ, ನಿದ್ದೆಗೆಟ್ಟ ಮರುದಿನ ಶುಗರ್ ಹಟ ಮಾಡುತ್ತದೆ.

### ಹಂತ 8: ಮತ್ತೆ ಚುಚ್ಚಿ, ಹೋಲಿಸಿ

ಎರಡನೆಯ ಹಂತವನ್ನು ಅದೇ ಹೊತ್ತಿಗೆ, ಹೊಸ ಕಾಫಿಯೊಂದಿಗೆ ಎರಡು ದಿನ ಮಾಡಿ. ಒಂದು ಗಂಟೆಯ ಏರಿಕೆ ಹಳೆಯದಕ್ಕಿಂತ ಸ್ಪಷ್ಟವಾಗಿ ಕಡಿಮೆಯಾಗಿ, ಎರಡು ಗಂಟೆಗೆ ಶುರುವಿನ ಸಂಖ್ಯೆಯ ಹತ್ತಿರಕ್ಕೆ ಬಂದರೆ ಈ ಕಾಫಿ ನಿಮ್ಮದು. ವ್ಯತ್ಯಾಸ ಹತ್ತು ಹನ್ನೆರಡು ಮಾತ್ರವಾದರೆ ಅದು ಯಂತ್ರದ ಗದ್ದಲವೂ ಆಗಿರಬಹುದು, ಇನ್ನೆರಡು ದಿನ ನೋಡಿ. ಸಕ್ಕರೆಯಿಲ್ಲದ ಕಾಫಿಗೂ ಏರುತ್ತಿದ್ದರೆ ಕೆಫೀನ್ ಕಾರಣವೇ ಎಂದು ತಿಳಿಯಲು ಒಂದು ದಿನ ಬರೀ ಅಷ್ಟೇ ಹಾಲು ಕುಡಿದು ಹೋಲಿಸಿ.

### ಇವು ಕಂಡರೆ ಪ್ರಯೋಗ ನಿಲ್ಲಿಸಿ

ಬೆವರು, ಕೈ ನಡುಕ, ದಿಢೀರ್ ಹಸಿವು, ತಲೆ ಗೊಂದಲ ಆದರೆ ಶುಗರ್ ಕುಸಿದಿರಬಹುದು. 70ಕ್ಕಿಂತ ಕಡಿಮೆ ಇದ್ದರೆ ಮೂರು ತುಂಬು ಚಮಚ ಸಕ್ಕರೆಯನ್ನು, ಅಂದರೆ ಸುಮಾರು 15 ಗ್ರಾಮಿಗೂ ತುಸು ಮೇಲೆ, ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ. ಆ ಹೊತ್ತಿಗೆ ಕಾಫಿ ಕುಡಿಯಬೇಡಿ, ಹಾಲಿನ ಕೊಬ್ಬು ಸಕ್ಕರೆಯನ್ನು ತಡೆದು ನಿಧಾನವಾಗಿ ಬಿಡುತ್ತದೆ. ಸಿಹಿಗುಳಿಗೆಯಿಂದಲೂ ಆಗ ಪ್ರಯೋಜನವಿಲ್ಲ, ಅದು ಶುಗರ್ ಏರಿಸದು, ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು, ನೇರ ಆಸ್ಪತ್ರೆಗೆ.

ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು, ಮತ್ತೆ ಮತ್ತೆ 250 ದಾಟುವ ಸಂಖ್ಯೆ ಕಂಡರೆ ಕಾಫಿಯ ಲೆಕ್ಕಾಚಾರ ಬದಿಗಿಟ್ಟು ವೈದ್ಯರಿಗೆ ಫೋನ್ ಮಾಡಿ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಹೋಗುವ ದಿನ ಸಕ್ಕರೆಯಿಲ್ಲದ ಕಾಫಿಯೂ ಬೇಡ.

### ಹಂತ 9: ಮನೆಯ ಹೊರಗೆ

ಹೋಟೆಲಿನಲ್ಲಿ ‘ಸಕ್ಕರೆ ಕಡಿಮೆ’ ಎನ್ನಬೇಡಿ. ಕಡಿಮೆ ಎಂದರೆ ಎಷ್ಟು ಎಂದು ತೀರ್ಮಾನಿಸುವವರು ಅವರು. ಹಲವೆಡೆ ಸಕ್ಕರೆಯನ್ನು ಮೊದಲೇ ಬೆರೆಸಿಟ್ಟಿರುತ್ತಾರೆ. ‘ಶುಗರ್‌ಲೆಸ್, ಸಕ್ಕರೆ ಬೇರೆ ಕೊಡಿ’ ಎಂದು ಹೇಳಿ, ನೀವೇ ಮಟ್ಟಸದ ಒಂದು ಚಮಚ ಹಾಕಿಕೊಳ್ಳಿ. ಜೊತೆಗಾರರಿದ್ದರೆ ಬೈಟು. ಕೋಲ್ಡ್ ಕಾಫಿಯನ್ನು ಕಾಫಿಯ ಖಾತೆಗೆ ಬರೆಯಬೇಡಿ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುವುದರಿಂದ ಹೆಚ್ಚು ಸಕ್ಕರೆ ಸುರಿಯುತ್ತಾರೆ, ಮೇಲೆ ಐಸ್‌ಕ್ರೀಮ್. ಅದು ಸಿಹಿತಿಂಡಿ. ನೀರು ಹಾಕಿ ಕದಡುವ ಸಿದ್ಧ ಕಾಫಿ ಪೊಟ್ಟಣಗಳಲ್ಲಿ ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಮೊದಲ ಹೆಸರು ಸಕ್ಕರೆಯಾಗಿದ್ದರೆ ಅಲ್ಲೇ ಇಟ್ಟು ಬನ್ನಿ.

ಇದೆಲ್ಲಕ್ಕಿಂತ ಕಠಿಣ ಜಾಗ ನೆಂಟರ ಮನೆ. ಮಂಡ್ಯದಲ್ಲಿರುವ ನಮ್ಮ ಅಕ್ಕನ ಮನೆಗೆ ಹೋದರೆ ‘ಒಂದು ದಿನಕ್ಕೆ ಏನೂ ಆಗುವುದಿಲ್ಲ, ಕುಡಿಯೋ’ ಎಂಬ ಮಾತು ಬಾಗಿಲಲ್ಲೇ ಕಾದಿರುತ್ತದೆ. ಬೇಡವೆಂದು ವಾದ ಮಾಡಿದ ದಿನಗಳಲ್ಲೆಲ್ಲ ದೊಡ್ಡ ಲೋಟವೇ ಬಂದಿದೆ. ಈಗ ಒಳಗೆ ಕಾಲಿಟ್ಟ ತಕ್ಷಣ ಅಡುಗೆಮನೆಗೇ ಹೋಗುತ್ತೇನೆ. ‘ಅಕ್ಕಾ, ಇವತ್ತಿನ ಕಾಫಿ ನನ್ನದು, ನೀನು ಕುಳಿತುಕೋ’ ಎಂದು ಫಿಲ್ಟರ್ ಕೈಗೆತ್ತಿಕೊಂಡರೆ ಅವಳಿಗೂ ಬಿಡುವು, ಸಕ್ಕರೆ ಡಬ್ಬಿಯೂ ನನ್ನ ಹತೋಟಿಯಲ್ಲಿ. ಕಳೆದ ಬಾರಿ ಅವಳು ತನ್ನ ಲೋಟಕ್ಕೆ ಸಕ್ಕರೆ ಕೇಳುವುದನ್ನು ಮರೆತು ಅರ್ಧ ಕುಡಿದಿದ್ದಳು.